ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದವರಿಗೆ ಒಂದು ಲೆಕ್ಕ

ಟಿಕೆಟ್ಟುಗಳಲ್ಲಿ ಎರಡು ಜಾತಿ. ಒಂದು ಬಸ್ಸಿನದು, ಇನ್ನೊಂದು ಪಕ್ಷದ್ದು. ಬಸ್ಸಿನ ಟಿಕೆಟ್ಟಿಗೆ ದರ ಗೊತ್ತು, ಎಲ್ಲಿಂದ ಎಲ್ಲಿಗೆ ಅನ್ನೋದು ಗೊತ್ತು. ಕೊಡುವ ಕಂಡಕ್ಟರು ಎದುರಿಗೇ ನಿಂತಿರುತ್ತಾನೆ, ಚಿಲ್ಲರೆ ವಾಪಸ್ಸು ಕೊಡದಿದ್ದರೆ ಜಗಳ ಆಡಬಹುದು. ಪಕ್ಷದ ಟಿಕೆಟ್ಟಿಗೆ ಇದ್ಯಾವುದೂ ಇಲ್ಲ. ದರ ಎಷ್ಟು ಅಂತ ಬೋರ್ಡು ಹಾಕಿರುವುದಿಲ್ಲ. ಹರಿದು ಕೊಡುವ ಕೈ ಯಾರದು ಅಂತ ಕಾಣುವುದಿಲ್ಲ. ಜಗಳ ಆಡೋಣ ಅಂದರೆ ಕಂಡಕ್ಟರು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕೂತಿರುತ್ತಾನೆ.

ಚುನಾವಣೆ ಹತ್ತಿರ ಬಂತೆಂದರೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂದೇ ಮಾತು: "ಟಿಕೆಟ್ ಯಾರಿಗಂತೆ?" ಯಾರಿಗೆ ಕೊಡಬೇಕು ಅಂತ ಯಾರೂ ಕೇಳುವುದಿಲ್ಲ, ಯಾರಿಗಂತೆ ಅಂತ ಮಾತ್ರ ಕೇಳುತ್ತಾರೆ. ಆ 'ಅಂತೆ'ಯಲ್ಲೇ ನಮ್ಮ ಪ್ರಜಾಪ್ರಭುತ್ವದ ಅರ್ಧ ಕಥೆ ಇದೆ. ಹತ್ತು ವರ್ಷ ಬಾವುಟ ಕಟ್ಟಿದವನ ಹೆಸರು ಯಾರಾದರೂ ಹೇಳಿದರೆ, ಪಕ್ಕದ ಬೆಂಚಿನಿಂದ ತಕ್ಷಣ ನಗು ಬರುತ್ತದೆ: "ಅವನಾ? ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗೆಲ್ಲೋ ಕುದುರೆ ಬೇಕು ಸ್ವಾಮಿ."

ಈ 'ಗೆಲ್ಲೋ ಕುದುರೆ' ಎಂಬ ಮಾತು ಎಷ್ಟು ಜನರ ಹೊಟ್ಟೆ ಮೇಲೆ ಹೊಡೆದಿದೆ ಅಂತ ಲೆಕ್ಕ ಇಟ್ಟವರಿಲ್ಲ. ಗೆಲ್ಲುವ ಕುದುರೆ ಯಾವುದು ಅಂತ ಓಟಕ್ಕೆ ಮುಂಚೆಯೇ ತೀರ್ಮಾನಿಸುವುದಾದರೆ ಓಟ ಯಾಕೆ? ಕುದುರೆ ಕಟ್ಟಿದವನ ಥೈಲಿ ನೋಡಿ ಬಹುಮಾನ ಕೊಟ್ಟುಬಿಡಬಹುದಲ್ಲ!

ಲೆಕ್ಕಕ್ಕಿಲ್ಲದವನು ಅಂತ ಎಲ್ಲರೂ ತಳ್ಳಿಹಾಕಿದ ಒಬ್ಬ ಆಸಾಮಿ 2025ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಏನು ಮಾಡಿದ ಅನ್ನುವುದನ್ನು ಅಂಗಡಿಯವರೂ ಬಸ್ಸಿಗೆ ಕಾಯುವವರೂ ತಿಳಿದುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಆತ ಗೆದ್ದದ್ದೇ ಅಂಗಡಿ ಮತ್ತು ಬಸ್ಸಿನ ಮಾತಾಡಿ.

ಪ್ರೈಮರಿ ಅಂದರೆ ಸ್ಕೂಲಲ್ಲ

ಮೊದಲು ಆ ಊರಿನ ಪದ್ಧತಿ. ಅಲ್ಲಿ ಪಕ್ಷದ ಟಿಕೆಟ್ಟನ್ನು ಹೈಕಮಾಂಡ್ ಕೊಡುವುದಿಲ್ಲ. ಟಿಕೆಟ್ ಬೇಕಾದವರೆಲ್ಲ ಪಕ್ಷದೊಳಗೇ ಒಂದು ಚುನಾವಣೆಗೆ ನಿಲ್ಲಬೇಕು. ಅದಕ್ಕೆ ಪ್ರೈಮರಿ ಅಂತ ಹೆಸರು. ನ್ಯೂಯಾರ್ಕಿನಲ್ಲಿ ಆ ಪಕ್ಷದವರು ಅಂತ ಮತದಾರರ ಪಟ್ಟಿಯಲ್ಲಿ ದಾಖಲಾದವರೆಲ್ಲ ಬೂತಿಗೆ ಹೋಗಿ ಗುಟ್ಟಾಗಿ ಓಟು ಹಾಕುತ್ತಾರೆ. ಪದಾಧಿಕಾರಿಗಳಷ್ಟೇ ಅಲ್ಲ, ತರಕಾರಿ ಮಾರುವವನು, ಟ್ಯಾಕ್ಸಿ ಓಡಿಸುವವನು, ಆಸ್ಪತ್ರೆಯ ನರ್ಸಮ್ಮ ಎಲ್ಲರಿಗೂ ಒಂದೊಂದು ಓಟು. ಹೆಚ್ಚು ಓಟು ಬಂದವನಿಗೆ ಟಿಕೆಟ್ಟು. ಅಷ್ಟೆ.

ಅದರಲ್ಲೂ ನ್ಯೂಯಾರ್ಕಿನವರು ಒಂದು ಜಾಣತನ ಮಾಡಿಕೊಂಡಿದ್ದಾರೆ. 2019ರಲ್ಲಿ ಜನಾಭಿಪ್ರಾಯಕ್ಕೆ ಹಾಕಿ ಒಪ್ಪಿಸಿಕೊಂಡು, 2021ರಿಂದ ಜಾರಿಗೆ ತಂದ ಪದ್ಧತಿ ಇದು. ಓಟು ಹಾಕುವವನು ಒಬ್ಬನಿಗೇ ಮುದ್ರೆ ಒತ್ತಬೇಕಾಗಿಲ್ಲ. ಇವನು ಮೊದಲು, ಇವನಾಗದಿದ್ದರೆ ಅವನು, ಅವನೂ ಆಗದಿದ್ದರೆ ಮತ್ತೊಬ್ಬ ಅಂತ ಐದು ಹೆಸರಿನವರೆಗೆ ಕ್ರಮ ಹಾಕಿ ಕೊಡಬಹುದು. ಕಡಿಮೆ ಓಟು ಬಂದವನನ್ನು ತೆಗೆದುಹಾಕಿ, ಅವನ ಓಟುಗಳನ್ನು ಮುಂದಿನ ಹೆಸರಿಗೆ ಹಂಚುತ್ತಾ ಹೋಗುತ್ತಾರೆ. ಇದರಿಂದ ಒಂದು ದೊಡ್ಡ ಲಾಭ. "ಒಳ್ಳೆಯವನು, ಆದರೆ ಅವನಿಗೆ ಹಾಕಿದರೆ ಓಟು ದಂಡ" ಎಂಬ ಹೆದರಿಕೆ ಇಲ್ಲ. ಮನಸ್ಸಿಗೆ ಹಿಡಿಸಿದವನಿಗೆ ಮೊದಲ ಓಟು ಹಾಕಿ, ಎರಡನೆಯದನ್ನು ಲೆಕ್ಕಾಚಾರಕ್ಕೆ ಬಿಡಬಹುದು.

ಒಬ್ಬರು ಸಾಹೇಬರು, ಒಬ್ಬ ಹುಡುಗ

2025ರ ಜೂನ್ 24ರಂದು ಡೆಮಾಕ್ರಟಿಕ್ ಪಕ್ಷದ ಮೇಯರ್ ಟಿಕೆಟ್ಟಿಗೆ ಈ ಚುನಾವಣೆ ನಡೆಯಿತು. ಆಗ ಮೇಯರ್ ಆಗಿದ್ದ ಎರಿಕ್ ಆಡಮ್ಸ್ ಆ ಕಣದಿಂದ ಮೊದಲೇ ಹೊರಗುಳಿದಿದ್ದರು. ಗೆಲ್ಲುವ ಕುದುರೆ ಅಂತ ಎಲ್ಲರೂ ಬೊಟ್ಟು ಮಾಡಿದ್ದು ಆಂಡ್ರ್ಯೂ ಕ್ಯುವೊಮೊ ಅವರನ್ನು. ಸಾಮಾನ್ಯ ಕುಳವಲ್ಲ. ಅಪ್ಪ ಮಾರಿಯೊ ಕ್ಯುವೊಮೊ ಮೂರು ಅವಧಿ ನ್ಯೂಯಾರ್ಕ್ ರಾಜ್ಯದ ಗವರ್ನರ್, ಅಂದರೆ ಇಲ್ಲಿನ ಮುಖ್ಯಮಂತ್ರಿಯಂತೆ. ಮಗ ಕೇಂದ್ರದಲ್ಲಿ ಕ್ಲಿಂಟನ್ ಸಂಪುಟದ ಮಂತ್ರಿ, ಆಮೇಲೆ 2011ರಿಂದ 2021ರವರೆಗೆ ತಾನೂ ಗವರ್ನರ್. ಹನ್ನೊಂದು ಮಹಿಳೆಯರಿಗೆ ಲೈಂಗಿಕ ಕಿರುಕುಳ ಕೊಟ್ಟರೆಂದು ರಾಜ್ಯದ ಅಟಾರ್ನಿ ಜನರಲ್ ವರದಿ ಹೇಳಿದ ಮೇಲೆ 2021ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಆಪಾದನೆಯನ್ನು ಅವರು ಅಲ್ಲಗಳೆಯುತ್ತಲೇ ಬಂದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಊರು ಮರೆತಿದೆ ಅಂತ ತಿಳಿದು ಮೇಯರ್ ಕುರ್ಚಿಗೆ ಟವೆಲ್ ಹಾಕಿದರು.

ಎದುರು ನಿಂತವರಲ್ಲಿ ಒಬ್ಬ ಜೊಹ್ರಾನ್ ಮಮ್ದಾನಿ. ವಯಸ್ಸು 33. ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ. ತಾಯಿ 'ಸಲಾಂ ಬಾಂಬೆ' ಚಿತ್ರ ತೆಗೆದ ಮೀರಾ ನಾಯರ್, ತಂದೆ ಮುಂಬಯಿಯಲ್ಲಿ ಹುಟ್ಟಿದ ಪ್ರೊಫೆಸರ್ ಮಹಮೂದ್ ಮಮ್ದಾನಿ. ಏಳನೇ ವಯಸ್ಸಿಗೆ ನ್ಯೂಯಾರ್ಕಿಗೆ ಬಂದ ಹುಡುಗ, 2018ರಲ್ಲಿ ಅಲ್ಲಿನ ಪೌರತ್ವ ಪಡೆದ. ಸಾಲ ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಸ್ಥಿತಿಗೆ ಬಂದವರಿಗೆ ದಾರಿ ಹೇಳುವ ಕೆಲಸ ಮಾಡಿಕೊಂಡಿದ್ದ. 2020ರಲ್ಲಿ ತನ್ನದೇ ಪಕ್ಷದ ಹಾಲಿ ಶಾಸಕಿಯನ್ನು ಪ್ರೈಮರಿಯಲ್ಲಿ ಸೋಲಿಸಿ ರಾಜ್ಯದ ಅಸೆಂಬ್ಲಿಗೆ ಹೋಗಿದ್ದ. 2021ರಲ್ಲಿ ಸಾಲದಲ್ಲಿ ಮುಳುಗಿದ ಟ್ಯಾಕ್ಸಿ ಡ್ರೈವರುಗಳ ಜೊತೆ ಕೂತು ಹದಿನೈದು ದಿನ ಉಪವಾಸ ಮಾಡಿದ್ದ. ಇಷ್ಟೇ ಜಾತಕ. 2025ರ ಫೆಬ್ರವರಿಯ ಒಂದು ಸಮೀಕ್ಷೆಯಲ್ಲಿ ಅವನಿಗೆ ಸಿಕ್ಕ ಬೆಂಬಲ ನೂರಕ್ಕೆ ಒಂದು!

ನೂರಕ್ಕೆ ಒಂದು ಅಂದರೆ ಏನು? ಒಂದು ಬಸ್ಸಿನ ಪೂರ್ತಿ ಜನರನ್ನು ಕೇಳಿದರೂ ಒಬ್ಬ ಸಿಕ್ಕರೆ ಸಿಕ್ಕ, ಇಲ್ಲದಿದ್ದರೆ ಇಲ್ಲ.

ಹಲಾಲ್ ಗಾಡಿಯ ಲೆಕ್ಕ

ಹಾಗಾದರೆ ಹುಡುಗ ಏನು ಮಾಡಿದ? ಭಾಷಣ ಬಿಗಿಯುವುದಕ್ಕಿಂತ ಮುಂಚೆ ಕೇಳಿಸಿಕೊಂಡ. 2024ರ ನವೆಂಬರಿನಲ್ಲಿ ಟ್ರಂಪ್ ಗೆದ್ದ ಮೇಲೆ, ಟ್ರಂಪಿಗೆ ಓಟು ಹಾಕಿದವರು ಹೆಚ್ಚಿದ್ದ ಬೀದಿಗಳಿಗೇ ಹೋದ. ಮೈಕು ಹಿಡಿದು ದಾರಿಹೋಕರನ್ನು ನಿಲ್ಲಿಸಿ, "ಯಾಕೆ ಹಾಗೆ ಹಾಕಿದಿರಿ? ಯಾಕೆ ಓಟಿಗೇ ಹೋಗಲಿಲ್ಲ?" ಅಂತ ಕೇಳಿದ. ಬೈದರೂ ಕೇಳಿಸಿಕೊಂಡ. ಬಂದ ಉತ್ತರ ಸಿದ್ಧಾಂತದ್ದಲ್ಲ. ಬಾಡಿಗೆ, ದಿನಸಿ, ಬಸ್ಸು.

ಆಮೇಲೆ ಬೀದಿಯಲ್ಲಿ ಅನ್ನ, ಕೋಳಿ ಮಾರುವ ಹಲಾಲ್ ಗಾಡಿಗಳ ಹತ್ತಿರ ಹೋಗಿ ನಿಂತ. ಎಂಟು ಡಾಲರಿಗೆ ಸಿಗುತ್ತಿದ್ದ ಊಟ ಹತ್ತು ಡಾಲರ್ ಯಾಕಾಯಿತು ಅಂತ ಕೇಳಿದ. ಗಾಡಿಯವರು ಹೇಳಿದ ಲೆಕ್ಕ ಇಲ್ಲಿನ ಬೀದಿ ಬದಿ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಗರದ ಆಡಳಿತ ಕೊಡುವ ಪರ್ಮಿಟ್ಟುಗಳು ಕಡಿಮೆ, ಬೇಕಾದವರು ಸಾವಿರಾರು. ಪರ್ಮಿಟ್ಟು ಮೊದಲೇ ಹಿಡಿದಿಟ್ಟುಕೊಂಡವರು ಕೈ ಬೆವರಿಸದೆ ಅದನ್ನು ಬಾಡಿಗೆಗೆ ಬಿಡುತ್ತಾರೆ. ಸರಕಾರಕ್ಕೆ ಕಟ್ಟುವ ಫೀಸು ನೂರರ ಲೆಕ್ಕದಲ್ಲಿ, ಕಳ್ಳ ಬಾಡಿಗೆ ಸಾವಿರಾರು ಡಾಲರಿನ ಲೆಕ್ಕದಲ್ಲಿ. ಆ ಹೊರೆ ಬೀಳುವುದು ತಟ್ಟೆಯ ಮೇಲೆ. ಪರ್ಮಿಟ್ಟು ನೇರವಾಗಿ ಸಿಕ್ಕರೆ ಮತ್ತೆ ಎಂಟು ಡಾಲರಿಗೆ ಕೊಡುತ್ತೀರಾ ಅಂತ ಕೇಳಿದರೆ, ಗಾಡಿಯವರು ಕೊಡುತ್ತೇವೆ ಅಂದರು. ಒಂದು ತಟ್ಟೆ ಊಟದಲ್ಲಿ ನಗರದ ಆಡಳಿತವನ್ನೇ ಬಿಚ್ಚಿ ತೋರಿಸಿದಂತಾಯಿತು. ಇದು ಯಾವ ಜಾಹೀರಾತು ಕಂಪನಿಗೂ ಹೊಳೆಯದ ಪ್ರಚಾರ.

ಮೂರನೆಯದು ಬಸ್ಸು. ಆ ಹೊತ್ತಿಗೆ ಅಲ್ಲಿ ಒಂದು ಸಲ ಬಸ್ಸು ಹತ್ತಿದರೆ 2.90 ಡಾಲರ್, ಇಲ್ಲಿನ ಲೆಕ್ಕಕ್ಕೆ ಸುಮಾರು 250 ರೂಪಾಯಿ. ಶಾಸಕನಾಗಿದ್ದಾಗಲೇ ಪಟ್ಟು ಹಿಡಿದು, ನಗರದ ಐದು ಭಾಗಗಳಲ್ಲಿ ಒಂದೊಂದು ಮಾರ್ಗದಲ್ಲಿ ಬಸ್ಸನ್ನು ಪ್ರಯೋಗಕ್ಕೆಂದು ಉಚಿತ ಮಾಡಿಸಿದ್ದ. 2023ರ ಸೆಪ್ಟೆಂಬರಿನಿಂದ ಸುಮಾರು ಒಂದು ವರ್ಷ ಅದು ನಡೆಯಿತು. ಹತ್ತುವವರ ಸಂಖ್ಯೆ ಏರಿತು. ಅದನ್ನೇ ಹಿಡಿದು "ಬಸ್ಸು ಬೇಗ ಬರಬೇಕು, ದುಡ್ಡು ಕೇಳಬಾರದು" ಅಂದ. ಬಾಡಿಗೆ ನಿಯಂತ್ರಣದ ಮನೆಗಳಿಗೆ ಬಾಡಿಗೆ ಏರಿಸುವುದಿಲ್ಲ ಅಂದ. ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಉಚಿತ ಅಂದ. ನಗರಸಭೆಯದೇ ದಿನಸಿ ಅಂಗಡಿ ತೆರೆಯುತ್ತೇನೆ ಅಂದ. ಮೂರು ಮಾತಿನಲ್ಲಿ ಮುಗಿಯುವ ಭರವಸೆಗಳು. ಬಸ್ಸಿನಲ್ಲಿ ನಿಂತವನು ಇಳಿಯುವಷ್ಟರಲ್ಲಿ ಪಕ್ಕದವನಿಗೆ ಹೇಳಿ ಮುಗಿಸಬಹುದಾದಂಥವು.

ಇತ್ತ ಸಾಹೇಬರು ಏನು ಮಾಡುತ್ತಿದ್ದರು? ಸಂಘಗಳ ಮುಖಂಡರ ಬೆಂಬಲ ಪತ್ರ ಕೂಡಿಹಾಕುತ್ತಿದ್ದರು. ಬಿಲ್ ಕ್ಲಿಂಟನ್ ಬೆಂಬಲ ಬಂತು. ಬೀದಿಗೆ ಇಳಿದದ್ದು ಕಡಿಮೆ. ದಂಡನಾಯಕರೆಲ್ಲ ಒಂದೇ ಕಡೆ ಇದ್ದಾಗ ಸೈನ್ಯ ಎಲ್ಲಿದೆ ಅಂತ ಯಾರೂ ನೋಡಲಿಲ್ಲ.

ಥೈಲಿಯ ಮಾತು

ದುಡ್ಡಿಲ್ಲದೆ ಚುನಾವಣೆ ಇಲ್ಲ, ಅಲ್ಲೂ ಇಲ್ಲ. ಕ್ಯುವೊಮೊ ಪರವಾಗಿ ಹೊರಗಿನಿಂದ ಖರ್ಚು ಮಾಡಲು ಹುಟ್ಟಿದ 'ಫಿಕ್ಸ್ ದಿ ಸಿಟಿ' ಎಂಬ ಸಂಸ್ಥೆ ಎರಡು ಕೋಟಿ ಡಾಲರಿಗೂ ಹೆಚ್ಚು ಕೂಡಿಸಿತು. ಹಿಂದಿನ ಮೇಯರ್, ಕುಬೇರ ಮೈಕೆಲ್ ಬ್ಲೂಮ್‌ಬರ್ಗ್ ಒಬ್ಬರೇ 80 ಲಕ್ಷ ಡಾಲರಿಗೂ ಮೀರಿ ಕೊಟ್ಟರು. ಟೀವಿ ಹಾಕಿದರೆ ಹುಡುಗನ ವಿರುದ್ಧ ಜಾಹೀರಾತು, ಅಂಚೆ ಡಬ್ಬಿ ತೆಗೆದರೆ ಹುಡುಗನ ವಿರುದ್ಧ ಕರಪತ್ರ.

ಹುಡುಗನ ಕೈಯಲ್ಲಿ ಇದ್ದದ್ದು ನ್ಯೂಯಾರ್ಕಿನ ಒಂದು ಒಳ್ಳೆಯ ಕಾನೂನು. ಅಲ್ಲಿ ನಗರವಾಸಿಯೊಬ್ಬ ಕೊಟ್ಟ ಸಣ್ಣ ವಂತಿಗೆಗೆ ಸಾರ್ವಜನಿಕ ಹಣದಿಂದ ಎಂಟು ಪಾಲು ಸೇರಿಸಿ ಕೊಡುತ್ತಾರೆ. ಹತ್ತು ಡಾಲರ್ ಕೊಟ್ಟರೆ ಮೇಲೆ ಎಂಬತ್ತು, ಒಟ್ಟು ತೊಂಬತ್ತು. ಹೀಗೆ ಸೇರಿಸಿ ಕೊಡುವುದು ಒಬ್ಬನ ಮೊದಲ 250 ಡಾಲರಿಗೆ ಮಾತ್ರ. ಅದಕ್ಕೆ ಬದಲು ಖರ್ಚಿಗೆ ಮಿತಿ, ಲೆಕ್ಕಕ್ಕೆ ತಪಾಸಣೆ. ಸಾವಿರಾರು ಜನ ಹತ್ತು, ಇಪ್ಪತ್ತು ಹಾಕಿದರು. ಮಾರ್ಚಿಯಲ್ಲೇ ಮಿತಿ ಮುಟ್ಟುವಷ್ಟು ದುಡ್ಡು ಗೊತ್ತಾಗಿ, "ಇನ್ನು ಹಣ ಕಳಿಸಬೇಡಿ, ಬದಲಿಗೆ ನಮ್ಮ ಜೊತೆ ಮನೆ ಮನೆಗೆ ಬನ್ನಿ" ಅಂತ ಹೇಳುವ ಸ್ಥಿತಿ ಬಂತು. ಹಣ ಬೇಡ ಅಂದ ಅಭ್ಯರ್ಥಿಯ ಹೆಸರು ಇಲ್ಲಿ ಯಾರಾದರೂ ಕೇಳಿದ್ದಾರೆಯೇ?

ಹತ್ತಾರು ಸಾವಿರ ಸ್ವಯಂಸೇವಕರು ಬಾಗಿಲು ತಟ್ಟಿದರು. ಕೂಲಿ ಇಲ್ಲ, ಬಿರಿಯಾನಿ ಪೊಟ್ಟಣ ಇಲ್ಲ. ಚುನಾವಣೆಗೆ ನಾಲ್ಕು ದಿನ ಇರುವಾಗ, ಶುಕ್ರವಾರ ರಾತ್ರಿ, ಮಮ್ದಾನಿ ಮ್ಯಾನ್‌ಹಟನ್ ದ್ವೀಪದ ಉತ್ತರ ತುದಿಯಿಂದ ದಕ್ಷಿಣ ತುದಿಯವರೆಗೆ ನಡೆದೇ ಹೋದ. ಹೋಟೆಲಿನಿಂದ ಹೊರಬಂದವರು, ರಾತ್ರಿ ಪಾಳಿಯವರು ಕೈ ಕುಲುಕಿದರು. ಅದೇ ಟಿಕೆಟ್ಟಿಗೆ ನಿಂತಿದ್ದ ನಗರದ ಲೆಕ್ಕಾಧಿಕಾರಿ ಬ್ರ್ಯಾಡ್ ಲ್ಯಾಂಡರ್ ಮತ್ತು ಮಮ್ದಾನಿ "ನನಗೆ ಮೊದಲು, ಅವನಿಗೆ ಎರಡನೆಯದು" ಅಂತ ಒಬ್ಬರಿಗೊಬ್ಬರು ಓಟು ಕೇಳಿದರು. ಒಬ್ಬ ಯಹೂದಿ, ಒಬ್ಬ ಮುಸಲ್ಮಾನ. ಟಿಕೆಟ್ಟಿಗೆ ಪೈಪೋಟಿ ಮಾಡುವವರು ಒಬ್ಬರನ್ನೊಬ್ಬರು ಹೊಗಳುವುದು ಇಲ್ಲಿನವರಿಗೆ ಕನಸಿನ ಮಾತು.

ಕೊನೆಯ ವಾರದವರೆಗೂ ಹೆಚ್ಚಿನ ಸಮೀಕ್ಷೆಗಳು ಕ್ಯುವೊಮೊ ಮುಂದಿದ್ದಾರೆ ಅಂದವು. ಜೂನ್ 24ರ ರಾತ್ರಿ ಪೆಟ್ಟಿಗೆ ಬೇರೆಯೇ ಹೇಳಿತು. ಮೊದಲ ಓಟುಗಳಲ್ಲಿ ಮಮ್ದಾನಿಗೆ ನೂರಕ್ಕೆ ಸುಮಾರು 44, ಕ್ಯುವೊಮೊಗೆ 36. ಅದೇ ರಾತ್ರಿ ಸಾಹೇಬರು ಸೋಲು ಒಪ್ಪಿಕೊಂಡರು. ಎರಡನೇ, ಮೂರನೇ ಹೆಸರುಗಳನ್ನೆಲ್ಲ ಹಂಚಿದ ಮೇಲೆ 56ಕ್ಕೆ 44. ಹತ್ತು ಲಕ್ಷಕ್ಕೂ ಹೆಚ್ಚು ಜನ ಓಟು ಹಾಕಿದ ಪಕ್ಷದೊಳಗಿನ ಚುನಾವಣೆ ಅದು.

ಬಂಡಾಯ ಅಲ್ಲೂ ಇದೆ

ಕಥೆ ಅಲ್ಲಿಗೇ ಮುಗಿಯಲಿಲ್ಲ. ಟಿಕೆಟ್ ತಪ್ಪಿದ ಕ್ಯುವೊಮೊ ಸಾಹೇಬರು ಬಂಡಾಯ ಎದ್ದು ಪಕ್ಷೇತರರಾಗಿ ನಿಂತರು. ಈ ಒಂದು ವಿಷಯದಲ್ಲಿ ನ್ಯೂಯಾರ್ಕಿಗೂ ನಮ್ಮೂರಿಗೂ ಯಾವ ವ್ಯತ್ಯಾಸವೂ ಇಲ್ಲ! ಪಕ್ಷದ ದೊಡ್ಡವರಲ್ಲಿ ಕೆಲವರು ಗೆದ್ದ ಹುಡುಗನಿಗೆ ಬೆಂಬಲ ಸಾರಲು ತಿಂಗಳುಗಟ್ಟಲೆ ಮೀನ ಮೇಷ ಎಣಿಸಿದರು. ಸಂಸತ್ತಿನ ಕೆಳಮನೆಯಲ್ಲಿ ಪಕ್ಷದ ನಾಯಕರಾದ, ಅದೇ ನಗರದ ಹಕೀಮ್ ಜೆಫ್ರೀಸ್ ಬಾಯಿಬಿಟ್ಟದ್ದು ಅಕ್ಟೋಬರ್ ಕೊನೆಗೆ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ದೊಡ್ಡವರಿಗೆ ಇಷ್ಟವಿಲ್ಲದಿದ್ದರೂ ಟಿಕೆಟ್ಟನ್ನು ಕಿತ್ತುಕೊಳ್ಳಲು ಅವರಿಗೆ ಆಗಲಿಲ್ಲ. ಅದು ಅವರು ಕೊಟ್ಟದ್ದಲ್ಲವಲ್ಲ! ಜನ ಕೊಟ್ಟದ್ದು. 2025ರ ನವೆಂಬರ್ 4ರಂದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಓಟು ಹಾಕಿದರು. 1969ರ ನಂತರ ಅಲ್ಲಿನ ಮೇಯರ್ ಚುನಾವಣೆಯಲ್ಲಿ ಇಷ್ಟು ಓಟು ಬಿದ್ದದ್ದಿಲ್ಲ. ಮಮ್ದಾನಿಗೆ ಅರ್ಧಕ್ಕಿಂತ ತುಸು ಹೆಚ್ಚು, ಕ್ಯುವೊಮೊಗೆ ನೂರಕ್ಕೆ ಸುಮಾರು 41. 2026ರ ಜನವರಿ 1ರಂದು ಮಮ್ದಾನಿ ಪ್ರಮಾಣ ವಚನ ತೆಗೆದುಕೊಂಡರು. ನೂರಕ್ಕೆ ಒಂದು ಅನ್ನಿಸಿಕೊಂಡಿದ್ದವನು ಒಂದು ವರ್ಷ ತುಂಬುವುದರೊಳಗೆ 'ಅವನು' ಹೋಗಿ 'ಅವರು' ಆದದ್ದು ಹೀಗೆ.

ಒಂದೇ ಸಲ ಹೀಗಾದದ್ದೂ ಅಲ್ಲ. ಅದೇ ನ್ಯೂಯಾರ್ಕಿನಲ್ಲಿ 2018ರ ಜೂನ್ ತಿಂಗಳಲ್ಲಿ, ಬಾರಿನಲ್ಲಿ ಗ್ಲಾಸು ತುಂಬಿಸುವ ಕೆಲಸ ಮಾಡಿಕೊಂಡಿದ್ದ 28ರ ಹುಡುಗಿ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್, ಹತ್ತು ಸಲ ಗೆದ್ದಿದ್ದ ಪಕ್ಷದ ಹಿರಿಯ ಸಂಸದ ಜೋ ಕ್ರೌಲಿಯವರನ್ನು ಪ್ರೈಮರಿಯಲ್ಲಿ ಕೆಡವಿದಳು. ದೊಡ್ಡ ಮರ ಕೆಳಗಿನ ಗಿಡವನ್ನು ಬೆಳೆಯಗೊಡುವುದಿಲ್ಲ ಅನ್ನುತ್ತಾರೆ. ಬಿಸಿಲು ಬೀಳಲು ಒಂದು ಕಿಂಡಿ ಇಟ್ಟರೆ ಬೆಳೆಯುತ್ತದೆ ಅನ್ನುವುದಕ್ಕೆ ಇವೆರಡು ಸಾಕ್ಷಿ.

ಬಡಪಾಯಿ ಎಂಬುದೇ ಅರ್ಹತೆಯಲ್ಲ

ಹಾಗಂತ ಸೋಲುವ ಕುದುರೆಯೆಲ್ಲ ಒಳ್ಳೆಯ ಕುದುರೆ ಅಂತ ತಿಳಿಯಬೇಕಾಗಿಲ್ಲ. ಕುಂಟು ಕುದುರೆಯೂ ಹಿಂದೆಯೇ ಇರುತ್ತದೆ. ಮಮ್ದಾನಿ ಮೇಲೆ ಬಂದ ಟೀಕೆಗಳಲ್ಲಿ ಕೆಲವು ಉಡಾಫೆಯವಲ್ಲ. ಎಂಬತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರ. ದೊಡ್ಡ ಕಚೇರಿ ನಡೆಸಿದ ಅನುಭವ ಇಲ್ಲ. ಬಸ್ಸು ಓಡಿಸುವ ಸಂಸ್ಥೆ ರಾಜ್ಯದ ಹಿಡಿತದಲ್ಲಿದೆ, ಮೇಯರ್ ಒಬ್ಬರೇ ಉಚಿತ ಮಾಡಲಾರರು. ಶ್ರೀಮಂತರ ಮೇಲೆ ತೆರಿಗೆ ಏರಿಸಲೂ ರಾಜ್ಯದ ಒಪ್ಪಿಗೆ ಬೇಕು. ಬಾಡಿಗೆ ನಿಲ್ಲಿಸುವ ಮಂಡಳಿಗೆ ಸದಸ್ಯರನ್ನು ನೇಮಿಸುವುದು ಮೇಯರ್ ಕೈಯಲ್ಲಿದೆ ನಿಜ, ಆದರೆ ಬಾಡಿಗೆ ನಿಂತರೆ ಕಟ್ಟಡದ ರಿಪೇರಿ ಯಾರು ಮಾಡಿಸುತ್ತಾರೆ ಅಂತ ಮಾಲೀಕರು ಕೇಳುವುದರಲ್ಲೂ ಅರ್ಥವಿದೆ. ನಗರಸಭೆಯೇ ದಿನಸಿ ಅಂಗಡಿ ಇಟ್ಟರೆ ಮೂಲೆಯ ಚಿಲ್ಲರೆ ಅಂಗಡಿಯವನ ಗತಿಯೇನು ಅನ್ನುವ ಪ್ರಶ್ನೆ ಈ ಊರಿನ ಕಿರಾಣಿ ಅಂಗಡಿಯವರಿಗೂ ಹೊಳೆದೇ ಹೊಳೆಯುತ್ತದೆ.

ಉಚಿತ ಬಸ್ಸು ಕರ್ನಾಟಕದವರಿಗೆ ಹೊಸದಲ್ಲ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಶುರುವಾದಾಗ ಹೆಂಗಸರು ಬಸ್ಸಿನ ಮೆಟ್ಟಿಲಿಗೆ ಕೈ ಮುಗಿದು ಹತ್ತಿದ್ದನ್ನೂ ಕಂಡಿದ್ದೇವೆ, ಸೀಟಿಲ್ಲದೆ ಗೊಣಗಿದ್ದನ್ನೂ ಕೇಳಿದ್ದೇವೆ. 2025ರ ಜನವರಿಯಲ್ಲಿ ದರ ನೂರಕ್ಕೆ 15 ಏರಿದಾಗ ಗಂಡಸರ ಜೇಬಿಗೆ ಬಿದ್ದ ಕತ್ತರಿಯೂ ಗೊತ್ತು. ಉಚಿತ ಅಂದರೆ ಯಾರೋ ಒಬ್ಬರು ಕಟ್ಟಲೇಬೇಕು. ಯಾರು ಕಟ್ಟಬೇಕು ಅನ್ನುವುದೇ ರಾಜಕೀಯ.

ಆದರೆ ಈ ಪ್ರಶ್ನೆಗಳು ಎಲ್ಲಿ ಎದ್ದವು ನೋಡಿ. ಟಿಕೆಟ್ ಹಂಚುವ ಕೋಣೆಯೊಳಗಲ್ಲ. ಬೀದಿಯಲ್ಲಿ, ಟೀವಿ ಚರ್ಚೆಯಲ್ಲಿ, ಜನರ ಎದುರು. ಮುಂದಿದ್ದವರು ಉತ್ತರ ಕೊಡಬೇಕಾಯಿತು, ಹಿಂದಿದ್ದವನೂ ಉತ್ತರ ಕೊಡಬೇಕಾಯಿತು. ದುರ್ಬಲನನ್ನು ಬೆಂಬಲಿಸಬೇಕಾದದ್ದು ಕನಿಕರದಿಂದಲ್ಲ, ಇದಕ್ಕಾಗಿ. ಅವನು ನಿಂತದ್ದರಿಂದ ಬಲಿಷ್ಠನೂ ಬಾಗಿಲಿಗೆ ಬಂದು ಲೆಕ್ಕ ಒಪ್ಪಿಸಬೇಕಾಗುತ್ತದೆ. ಅವನು ಸೋತರೂ ಈ ಲಾಭ ಜನರಿಗೆ ಉಳಿಯುತ್ತದೆ.

ಇಲ್ಲೂ ಒಮ್ಮೆ ಬಾಗಿಲು ತೆರೆದಿತ್ತು

ಇದೆಲ್ಲ ಅಮೆರಿಕದ ಮಾತು, ಇಲ್ಲಿಗೆ ಆಗುವುದಲ್ಲ ಅನ್ನುವವರು 2014ನ್ನು ಮರೆತಿದ್ದಾರೆ. ಆ ವರ್ಷ ಲೋಕಸಭಾ ಚುನಾವಣೆಗೆ ಮುಂಚೆ ರಾಹುಲ್ ಗಾಂಧಿಯವರ ಸೂಚನೆಯಂತೆ ಕಾಂಗ್ರೆಸ್ ಪಕ್ಷ ದೇಶದ ಬೆರಳೆಣಿಕೆಯ ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿತು. ಕರ್ನಾಟಕದಲ್ಲಿ ಎರಡು: ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಪೆಟ್ಟಿಗೆ ಇಟ್ಟು, ಓಟು ಹಾಕಿಸಿ, ಎಣಿಸಿ ಹೆಸರು ಹೇಳಿದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಹಿರಿಯರಾದ ಜನಾರ್ದನ ಪೂಜಾರಿ ಆಯ್ಕೆಯಾದರು. ಆಮೇಲೆ ನಡೆದ ಚುನಾವಣೆಯಲ್ಲಿ ಇಬ್ಬರೂ ಬಿಜೆಪಿಯ ಸದಾನಂದ ಗೌಡ ಮತ್ತು ನಳಿನ್ ಕುಮಾರ್ ಕಟೀಲ್ ಎದುರು ಸೋತರು. ಪ್ರೈಮರಿ ಮಾಡಿದ್ದಕ್ಕೆ ಸೋತರು ಅಂತ ಹೇಳುವವರಿದ್ದಾರೆ. ಪ್ರೈಮರಿ ಮಾಡದೆಯೂ ಆ ವರ್ಷ ದೇಶದಾದ್ಯಂತ ಆ ಪಕ್ಷ ಏನಾಯಿತು ಅನ್ನುವುದನ್ನು ಅವರು ಹೇಳುವುದಿಲ್ಲ. ಗೆದ್ದದ್ದು 44 ಸೀಟು.

ಆ ಪ್ರಯೋಗದಲ್ಲಿ ಎರಡು ಹುಳುಕು ಇದ್ದವು. ಒಂದು, ಓಟು ಇದ್ದದ್ದು ಪಕ್ಷದ ಪದಾಧಿಕಾರಿಗಳಿಗೆ, ಪ್ರತಿನಿಧಿಗಳಿಗೆ. ಸಾಮಾನ್ಯ ಮತದಾರ ಬಾಗಿಲ ಹೊರಗೇ. ಎಣಿಸಬಹುದಾದಷ್ಟು ಓಟಿದ್ದರೆ ಕೊಳ್ಳಬಹುದಾದಷ್ಟೂ ಓಟಿರುತ್ತದೆ ಅಂತ ಯಾರಿಗಾದರೂ ಅನುಮಾನ ಬರುವುದು ಸಹಜ. ಎರಡನೆಯದು ಇನ್ನೂ ದೊಡ್ಡದು. ಗುಜರಾತಿನ ವಡೋದರಾದಲ್ಲಿ ನರೇಂದ್ರ ರಾವತ್ ಎಂಬುವರು ಪ್ರೈಮರಿಯಲ್ಲಿ ಆಯ್ಕೆಯಾದರು. ನರೇಂದ್ರ ಮೋದಿಯವರು ಅಲ್ಲಿ ನಿಲ್ಲುತ್ತಾರೆ ಅಂತಾದ ಮೇಲೆ ಅವರನ್ನು ಬದಿಗೆ ಸರಿಸಿ ಮಧುಸೂದನ ಮಿಸ್ತ್ರಿಯವರನ್ನು ನಿಲ್ಲಿಸಲಾಯಿತು. ಮಿಸ್ತ್ರಿಯವರೂ ಭಾರಿ ಅಂತರದಲ್ಲಿ ಸೋತರು. ಪೆಟ್ಟಿಗೆ ಕೊಟ್ಟ ಟಿಕೆಟ್ಟನ್ನು ಹೈಕಮಾಂಡ್ ಹರಿದುಹಾಕಬಹುದಾದರೆ ಪೆಟ್ಟಿಗೆ ಯಾಕೆ ಬೇಕಿತ್ತು? ನ್ಯೂಯಾರ್ಕಿನಲ್ಲಿ ದೊಡ್ಡವರಿಗೆ ಆಗದ್ದು ಇಲ್ಲಿ ಒಂದೇ ದಿನದಲ್ಲಿ ಆಯಿತು.

ಇನ್ನೊಂದು ಉದಾಹರಣೆ ಕನ್ನಡಿಗರಿಗೆ ಹತ್ತಿರದ್ದು. 2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಓಟು ನಡೆಯಿತು. ಮುಂದಿದ್ದವರು ಮಲ್ಲಿಕಾರ್ಜುನ ಖರ್ಗೆ. ಎದುರಾಳಿ ತಿರುವನಂತಪುರದ ಶಶಿ ತರೂರ್. ಹಿರಿಯರೆಲ್ಲ ಖರ್ಗೆಯವರ ಬೆನ್ನಿಗಿದ್ದರು, ತರೂರ್ ಅವರ ಕಡೆ ಕಿರಿಯರು ಕೆಲವರು. ಕ್ರಮಸಂಖ್ಯೆ ಒಂದರಲ್ಲಿ ಖರ್ಗೆ ಹೆಸರಿರುವಾಗ, ಮತಪತ್ರದಲ್ಲಿ '1' ಅಂತ ಬರೆಯುವ ಕ್ರಮದಿಂದ ಗೊಂದಲವಾಗುತ್ತದೆ ಅಂತ ತರೂರ್ ಕಡೆಯವರು ತಕರಾರು ತೆಗೆದರು. ತಕರಾರು ಒಪ್ಪಿ, ಬರೀ ಟಿಕ್ ಗುರುತು ಸಾಕು ಅಂತ ಬದಲಾಯಿಸಿದರು. ಎಣಿಕೆಯಲ್ಲಿ ಖರ್ಗೆಯವರಿಗೆ 7,897, ತರೂರ್ ಅವರಿಗೆ 1,072.

ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಕಾರ್ಮಿಕರ ಪರ ವಕೀಲಿಕೆ ಮಾಡಿ, ತಳದಿಂದ ಮೇಲೆ ಬಂದ ಕನ್ನಡಿಗ ಅಧ್ಯಕ್ಷರಾದದ್ದು ಹೆಮ್ಮೆಯ ಮಾತೇ. ಆದರೆ ತರೂರ್ ನಾಮಪತ್ರ ಹಾಕದೇ ಇದ್ದಿದ್ದರೆ? ಖರ್ಗೆಯವರೂ 'ಅವಿರೋಧ ಆಯ್ಕೆ' ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದರು. ನೇಮಕವಾದ ಅಧ್ಯಕ್ಷ ಅನ್ನಿಸಿಕೊಳ್ಳುತ್ತಿದ್ದರು. ಅವರನ್ನು ಗೆದ್ದ ಅಧ್ಯಕ್ಷ ಮಾಡಿದ್ದು ಆ 1,072 ಓಟು. ಸೋತವನು ಗೆದ್ದವನಿಗೆ ಕೊಡುವ ಗೌರವ ಅದು. ಲೆಕ್ಕಕ್ಕಿಲ್ಲದವನು ಇಲ್ಲದಿದ್ದರೆ ಲೆಕ್ಕವೇ ಇಲ್ಲ.

ಈಗ ಏನು ಮಾಡಬೇಕು

ಕಾಂಗ್ರೆಸ್ಸಿನ ಹೆಸರು ಬಂದದ್ದು ಅದು ಒಮ್ಮೆಯಾದರೂ ಪೆಟ್ಟಿಗೆ ಇಟ್ಟಿತು ಅಂತ. ಮಾತು ಎಲ್ಲ ಪಕ್ಷಗಳಿಗೂ ಸಲ್ಲುತ್ತದೆ. ಕಮಲಕ್ಕೂ ಸಲ್ಲುತ್ತದೆ, ಕೈಗೂ ಸಲ್ಲುತ್ತದೆ, ತೆನೆ ಹೊತ್ತ ಮಹಿಳೆಗೂ ಸಲ್ಲುತ್ತದೆ. ಬಿ ಫಾರಂ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಮುಂಚೆ ಚುನಾವಣಾಧಿಕಾರಿಯ ಮೇಜಿಗೆ ಬೀಳಬೇಕು. ಎಷ್ಟೋ ಸಲ ಎರಡೂ ಮುಕ್ಕಾಲಿಗೆ ಕಾರು ಓಡೋಡಿ ಬರುತ್ತದೆ. ಊರಿನ ಐದು ವರ್ಷದ ಹಣೆಬರಹ ಹದಿನೈದು ನಿಮಿಷದಲ್ಲಿ ಬದಲಾಗುವ ಈ ನಾಟಕಕ್ಕೆ ಜನ ಚಪ್ಪಾಳೆ ತಟ್ಟಿದ್ದು ಸಾಕು.

ಎಲ್ಲವೂ ಒಂದೇ ಸಲ ಆಗುವುದಿಲ್ಲ. ನಗರಸಭೆಯ ವಾರ್ಡಿನಿಂದ ಶುರು ಮಾಡಬಹುದು. ವಾರ್ಡಿನಲ್ಲಿ ಪಕ್ಷದ ಸದಸ್ಯರ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಲಿ. ಟಿಕೆಟ್ ಬೇಕಾದವರೆಲ್ಲ ಒಂದು ದಿನ ಒಂದೇ ವೇದಿಕೆಗೆ ಬಂದು, ಚರಂಡಿ, ನೀರು, ಬೀದಿ ದೀಪ, ಗಾಡಿಯವರ ಲೈಸೆನ್ಸು ಇವುಗಳ ಬಗ್ಗೆ ಜನರ ಎದುರು ಮಾತಾಡಲಿ. ಗುಟ್ಟಿನ ಓಟು ಹಾಕಿಸಲಿ, ಎಲ್ಲರ ಕಣ್ಣೆದುರು ಎಣಿಸಲಿ. ಎಣಿಸಿದ ಮೇಲೆ ಮೇಲಿನವರು ಬಾಯಿ ಹಾಕದಿರಲಿ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಪಕ್ಷಗಳಿಗೆ ಮನಸ್ಸು ಬೇಕು.

ಮನಸ್ಸು ಬರುವುದು ಕೇಳಿದಾಗ. ಚಂದಾ ಪುಸ್ತಕ ಹಿಡಿದು ಅಂಗಡಿ ಮುಂದೆ ಬಂದು ನಿಲ್ಲುವ ಪುಢಾರಿಗಳನ್ನು ಅಂಗಡಿಯವರು ಕೇಳಬೇಕು: "ರಸೀದಿ ಕೊಡಿ. ಜೊತೆಗೆ ಇದನ್ನೂ ಹೇಳಿ, ನಿಮ್ಮ ಅಭ್ಯರ್ಥಿಯನ್ನು ಆರಿಸಿದ್ದು ಯಾರು?" ದಿನಾ ಅದೇ ಬಸ್ಸಿನಲ್ಲಿ ನಿಂತು ಹೋಗುವ ಕಾರ್ಯಕರ್ತನಿದ್ದಾನಲ್ಲ, ಬಾವುಟ ಕಟ್ಟಿ ಕಟ್ಟಿ ಕೈ ಸವೆದವನು, ಅವನ ಹೆಸರು ಟೀ ಅಂಗಡಿಯಲ್ಲಿ ಬಂದಾಗ ನಗುವ ಬದಲು "ಅವನು ಏನು ಹೇಳ್ತಾನೆ, ಕೇಳೋಣ" ಅನ್ನಬೇಕು. ಕೇಳಿದ ಮೇಲೆ ಹಿಡಿಸದಿದ್ದರೆ ಬಿಡಿ. ಕೇಳದೆ ಬಿಡುವುದು ಅನ್ಯಾಯ.

ಮುಂದಿನ ಸಲ ಯಾರಾದರೂ ಬೆಂಚಿನ ಮೇಲೆ ಕೂತು "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂದರೆ, ಅವರಿಗೆ ಒಂದೇ ಮಾತು ಹೇಳಿದರೆ ಸಾಕು: "ಸ್ವಾಮೀ, ಲೆಕ್ಕ ಬರೆಯೋದು ನೀವೋ, ನಾವೋ?"